ಗೋಡೆಗೆ ಇಳಿದ ದೀಪಗಳು

ಲಂಡನ್ನಿನ ಪಿಕಡಿಲಿ ಸರ್ಕಸ್ ಎಂಬ ರಸ್ತೆ ವೃತ್ತದ ಜಾಹೀರಾತು ದೀಪಗಳ ಹಳೆಯ ಫೋಟೊ ಸಿಕ್ಕರೆ, ಮೊದಲು ದೀಪವಿಲ್ಲದ ಗೋಡೆಗಳನ್ನು ನೋಡಿ. ಅವು ರಾಜಮನೆತನದ ಆಸ್ತಿಗೆ ಸೇರಿದ ಕಟ್ಟಡಗಳು. ಗುತ್ತಿಗೆ ಕರಾರಿನಲ್ಲೇ ಜಾಹೀರಾತಿಗೆ ತಡೆಯಿತ್ತು. ಆ ಹಿಡಿತಕ್ಕೆ ಸಿಗದ ಬದಿಯಲ್ಲಿ 1908ರಲ್ಲಿ ಬಾಟಲಿ ನೀರಿನ ಕಂಪನಿ ಪೆರಿಯೆಯ ಹೆಸರು ಬೆಳಗಿತು, ಅದರ ಹಿಂದೆಯೇ ಬಾವ್ರಿಲ್, ಶ್ವೆಪ್ಸ್ ಬ್ರ್ಯಾಂಡುಗಳು ಬಂದವು.

ಅಷ್ಟರಲ್ಲಾಗಲೇ, 1891ರಲ್ಲೇ, ಲಂಡನ್ನಿಗೆ ಸ್ಕೈ ಸೈನ್‌ಗಳನ್ನು ತಡೆಯುವ ಕಾಯ್ದೆ ಬಂದಿತ್ತು. ಚಾವಣಿಯ ಮೇಲೆ ಚೌಕಟ್ಟು ಎಬ್ಬಿಸಿ ಕಟ್ಟಿದ ಅಕ್ಷರ, ಬೀದಿಯಿಂದ ನೋಡಿದಾಗ ಆಕಾಶದ ಹಿನ್ನೆಲೆಯಲ್ಲಿ ಕಂಡರೆ ಅದು ಸ್ಕೈ ಸೈನ್. ನನ್ನ ಪ್ರಕಾರ ಇದು ಬಹಳ ಜಾಣ ಅಳತೆ. ಟೇಪು ಹಿಡಿಯುವುದೇ ಬೇಡ, ತಲೆ ಎತ್ತಿದರೆ ಸಾಕು. ಆದರೆ ಗೋಡೆಗೆ ಒತ್ತಿ ಕೂರಿಸಿದ ಬೋರ್ಡು ಈ ವ್ಯಾಖ್ಯೆಯ ಹೊರಗೇ ಉಳಿಯಿತು.

ಆಗಿನ ಬೋರ್ಡುಗಳಲ್ಲಿ ನಿಯಾನ್ ಇರಲಿಲ್ಲ, ಬರೀ ಬಲ್ಬಿನ ಸಾಲು. ಮಿನುಗಿಸಲು ಮೋಟರಿನಿಂದ ತಿರುಗುವ ಡ್ರಮ್ಮು. ಅದರ ಮೇಲಿನ ತಾಮ್ರದ ಪಟ್ಟಿಗೆ ವಿದ್ಯುತ್ ಹಾಯಿಸುವ ಬ್ರಷ್ ತಾಗಿದಾಗ ಒಂದು ಸಾಲು ಹತ್ತುತ್ತದೆ, ಪಟ್ಟಿ ಮುಗಿದಾಗ ಆರುತ್ತದೆ. ಪಟ್ಟಿ ಎಷ್ಟು ಉದ್ದವೋ ಬೆಳಕು ಅಷ್ಟು ಹೊತ್ತು. ಬಿಡುವಾಗಲೆಲ್ಲ ಕಿಡಿ ಹಾರಿ ತಾಮ್ರದಲ್ಲಿ ಗುಳಿ ಬೀಳುತ್ತದೆ; ಉಜ್ಜಿ ಸಮ ಮಾಡದಿದ್ದರೆ ಅಕ್ಷರ ತಡವರಿಸುತ್ತದೆ. ಬಲ್ಬುಗಳು ಸಮಾನಾಂತರ ಜೋಡಣೆಯಲ್ಲಿರುವುದರಿಂದ ಒಂದು ಸುಟ್ಟರೂ ಉಳಿದವು ಉರಿಯುತ್ತವೆ. ಕೆಳಗಿನ ಅಡ್ಡಸಾಲಿನ ವೈರು ಕೈಕೊಟ್ಟರೆ ಮಾತ್ರ ಇಂಗ್ಲಿಷಿನ ‘ಇ’ ಅಕ್ಷರ ‘ಎಫ್’ ಆಗಿ, ಹಣ ಕೊಟ್ಟು ಹಾಕಿಸಿದ ಹೆಸರೇ ಬದಲಾಗುತ್ತದೆ.