ಅಜ್ಜಿಗೆ ಸ್ವಲ್ಪ ಕಲ್ಲು

"ಅಜ್ಜಿಗೆ ಸ್ವಲ್ಪ ಕಲ್ಲು ಹಾಕಲೇ ಸಾರ್?"

ಚಿಕ್ಕಬಳ್ಳಾಪುರದ ಸ್ಟುಡಿಯೊ ಹುಡುಗ ಮಂಗಳವಾರ ಕೇಳಿದ ಈ ಮಾತು ಇನ್ನೂ ಕಿವಿ ಬಿಟ್ಟಿಲ್ಲ.

ಚಿತ್ರ ನನ್ನ ಸೋದರತ್ತೆಯದು. ನಂದಿ ಗ್ರಾಮದ ಭೋಗನಂದೀಶ್ವರನ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂರಿಸಿ ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದದ್ದು. ಕಪ್ಪು ಬಿಳುಪಿನಲ್ಲಿ ಬಣ್ಣದ ಆಸರೆ ಇಲ್ಲ, ಮೇಲ್ಮೈಯ ಒರಟೇ ಮಾತನಾಡಬೇಕು. ಪಕ್ಕದಿಂದ ಬಿದ್ದ ಬೆಳಕು ಪ್ರತಿ ಗೆರೆಯ ಹಿಂದೆ ಒಂದು ನೆರಳು ಇಡುತ್ತದೆ. ನಡುಮಧ್ಯಾಹ್ನವಾದರೆ ಅದೇ ಮೆಟ್ಟಿಲು, ಅದೇ ಕೆನ್ನೆ ಸಪ್ಪೆ.

ಪ್ರಿಂಟ್ ಹಾಕಿಸಲು ಕೊಟ್ಟೆ. ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಹುಡುಗ ಸುಕ್ಕುಗಳನ್ನೆಲ್ಲ ಒರೆಸಿಬಿಟ್ಟಿದ್ದ. ಮದುವೆ ಆಲ್ಬಂಗಳ ಕೈ ಅದು. ಅತ್ತೆ ಸುಲಿದ ಮೊಟ್ಟೆಯಂತೆ ಹೊಳೆಯುತ್ತಿದ್ದಳು. ಅವನಿಗೇ ಏನೋ ಕೊರತೆ ಕಂಡಿರಬೇಕು, ಆಗ ಬಂದದ್ದು ಆ ಪ್ರಶ್ನೆ.

ಹುಡುಗ ಒಳ್ಳೆಯ ಕೆಲಸಗಾರ, ಸುಳ್ಳು ಹೇಳಬಾರದು. ಬಿರುಕು ಬಿಟ್ಟ ಗಾರೆ, ತುಕ್ಕು ಹಿಡಿದ ತಗಡು, ಬೆಟ್ಟದ ದಾರಿಯಲ್ಲಿ ತಾನೇ ತೆಗೆದ ಬಂಡೆ, ಚಿತ್ರಗಳ ಮೇಲೆ ಹೊದಿಸಲು ಎಲ್ಲದರ ಫೋಟೊಗಳ ದಾಸ್ತಾನು ಅವನಲ್ಲಿದೆ. ಬಂಡೆಯ ಬಣ್ಣ ತೆಗೆದು, ಅತ್ತೆಯ ಮೇಲೆ ಲೇಯರ್ ಆಗಿ ಹರಡಿ, ಎರಡು ಚಿತ್ರ ಬೆರೆಸುವ 'ಸಾಫ್ಟ್ ಲೈಟ್' ವಿಧಾನಕ್ಕೆ ತಿರುಗಿಸಿದ. ಆ ವಿಧಾನದಲ್ಲಿ ನಡು ಬೂದು ಕಾಣದಂತಾಗುತ್ತದೆ. ಅದಕ್ಕಿಂತ ತಿಳಿಯಾದದ್ದು ಚಿತ್ರವನ್ನು ಬೆಳಗಿಸುತ್ತದೆ, ಗಾಢವಾದದ್ದು ಕಪ್ಪಾಗಿಸುತ್ತದೆ. ಬೇಡದ ಕಡೆ ಲೇಯರನ್ನು ಮರೆಮಾಡುವ ಮಾಸ್ಕ್ ಹಾಕಿ ಕಣ್ಣು, ತುಟಿಯ ಮೇಲಿನ ಕಲ್ಲನ್ನು ನಾಜೂಕಾಗಿ ತೆಗೆದ. ಕೊನೆಗೆ ಹಳೆಯ ಫಿಲ್ಮಿನ ಕಾಳುಕಾಳು ನೋಟ ಬರಲೆಂದು ಫಿಲ್ಮ್ ಗ್ರೇನ್ ಎರಚಿದಾಗ ನಾನು ಬಾಯಿ ಹಾಕಿದೆ: ಫಿಲ್ಮಿನ ಕಾಳು ಬೆಳ್ಳಿಯ ಕಣಗಳದು, ನಡು ಬೂದಿನಲ್ಲಿ ಎದ್ದು ಕಾಣುತ್ತದೆ, ಡಿಜಿಟಲ್ ಚಿತ್ರದ ಚುಕ್ಕೆಗಳ ಗದ್ದಲ (ನಾಯ್ಸ್) ಕತ್ತಲಲ್ಲಿ ಗುಂಪುಗಟ್ಟುತ್ತದೆ, ಎಲ್ಲ ಕಡೆ ಸಮನಾಗಿ ಚೆಲ್ಲಿದರೆ ಬರೀ ಧೂಳು. ತಕ್ಷಣ ನೆರಳಿನಲ್ಲೂ ಬಿಳುಪಿನಲ್ಲೂ ತಗ್ಗಿಸಿದ. ಛಾಯಾಗ್ರಹಣದ ಹಿರಿಯರೆನಿಸಿಕೊಂಡವರು ಇಷ್ಟು ವಿನಯದಿಂದ ಕೇಳಿಸಿಕೊಂಡದ್ದನ್ನು ನಾನು ಕಂಡಿಲ್ಲ.

ಆದರೂ ಅಜ್ಜಿಗೆ ಕಲ್ಲು! ರಾಗಿ ಹೊಲದ ಬಿಸಿಲು ವರ್ಷಗಟ್ಟಲೆ ಕೊರೆದದ್ದನ್ನು ಒರೆಸಿ, ಗುಡ್ಡ ಕೊರೆಸಿಕೊಂಡದ್ದನ್ನು ತಂದು ಹೊದಿಸುವುದು. ಹುಡುಗನೊಬ್ಬನ ಹುಚ್ಚಲ್ಲ ಇದು. ಹಳೆಯ ಬಾಗಿಲು, ಸವೆದ ಹೊಸ್ತಿಲು, ಗಾರೆ ಉದುರಿದ ಗೋಡೆ ಎಂದರೆ ನಮಗೆಲ್ಲ ಪ್ರಾಣ. ಅದರ ಮುಂದೆ ನಿಲ್ಲುವ ಮುಖ ಮಾತ್ರ ನಿನ್ನೆ ಹುಟ್ಟಿದಂತಿರಬೇಕು. ಹಳೆಯತನ ವಸ್ತುಗಳಿಗೆ ಶೋಭೆ, ಮನುಷ್ಯರಿಗೆ ದೋಷ ಎಂದು ಯಾರು ತೀರ್ಮಾನಿಸಿದರೋ.

ಒರೆಸಿದ್ದನ್ನೂ ಹಾಕಿದ್ದನ್ನೂ ತೆಗೆಸಿ, ಮೂಲ ಚಿತ್ರವನ್ನೇ ಪ್ರಿಂಟ್ ಮಾಡಿಸಿದೆ. ಬಿಲ್ಲಿನಲ್ಲಿ ಎಫೆಕ್ಟ್‌ಗೆ ಬೇರೆ ದುಡ್ಡು ಬರೆದಿದ್ದ. ಸುಕ್ಕು ಒರೆಸಿದ್ದಕ್ಕೆ ಏನೂ ಇರಲಿಲ್ಲ. ಕೇಳಿದರೆ, "ಅದು ಎಲ್ಲರಿಗೂ ಮಾಡುವುದೇ ಸಾರ್" ಎಂದ.