ಐನೂರು ಏನು? ಮೀಟರೋ, ಡಿಗ್ರಿಯೋ?

ನಮ್ಮ ವಿಭಾಗದಲ್ಲಿ ಸ್ಪೇಷಿಯಲ್ ಡೇಟಾ ಸೈನ್ಸ್ (ಯಾವುದು ಎಲ್ಲಿದೆ ಅನ್ನೋ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ವಿದ್ಯೆ) ಕೋರ್ಸ್ ಶುರು ಮಾಡುವುದು ಅಂತಾದಾಗ ಸಿಲಬಸ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹದಿನಾರು ವಾರದ ಕೋರ್ಸು. ಮೊದಲ ಕರಡಿನಲ್ಲಿ ಎಂಟು ವಾರ ಬರೀ ಪಾಠವೇ ಇತ್ತು, ಲ್ಯಾಬ್ ಆಮೇಲೆ. ಒಮ್ಮೆ ಮಾಡಿ ನೋಡೋಣ ಅಂತ ಒಂದು ಶನಿವಾರ ಆರು ಜನ ವಿದ್ಯಾರ್ಥಿಗಳನ್ನು ಕರೆದೆ.

ಕೊಟ್ಟಿದ್ದು ಸುಲಭದ ಲೆಕ್ಕ. ಕೋಲಾರದ ಸುತ್ತಮುತ್ತಲ ಅಂಗನವಾಡಿಗಳಿಂದ 500 ಮೀಟರ್ ಒಳಗೆ ಎಷ್ಟು ಮನೆಗಳಿವೆ? ನಕ್ಷೆಯ ಲೆಕ್ಕ ಮಾಡುವ ಜಿಯೋಪಾಂಡಾಸ್ ಅನ್ನೋ ಪೈಥಾನ್ ಸಾಧನದಲ್ಲಿ ಬಫರ್, ಅಂದರೆ ಪ್ರತಿ ಅಂಗನವಾಡಿಯ ಸುತ್ತ ಅಷ್ಟು ದೂರದ ವೃತ್ತ, ಹಾಕೋಕೆ ಒಂದೇ ಸಾಲು ಕೋಡ್ ಸಾಕು. ಒಬ್ಬ ಹುಡುಗಿ ಓಡಿಸಿದಳು. ಪರದೆ ತುಂಬ ಒಂದೇ ಬಣ್ಣ. "ಸರ್, ಎಲ್ಲಾ ಮನೆನೂ ಒಳಗೇ ಇದಾವೆ!" ಅಂದಳು ಖುಷಿಯಿಂದ.

ಡೇಟಾ ಇದ್ದದ್ದು ಅಕ್ಷಾಂಶ ರೇಖಾಂಶದಲ್ಲಿ. ಹಾಗಾಗಿ ಕಂಪ್ಯೂಟರ್ 500 ಅನ್ನೋದನ್ನು 500 ಡಿಗ್ರಿ ಅಂದುಕೊಂಡಿತ್ತು. ಅಕ್ಷಾಂಶದ ಒಂದು ಡಿಗ್ರಿಯೇ ಸುಮಾರು 111 ಕಿಲೋಮೀಟರ್. ಉತ್ತರ ತಪ್ಪಿರಬಹುದು ಅನ್ನೋ ಎಚ್ಚರಿಕೆ ಪರದೆಯ ಮೇಲೇ ಇತ್ತು. ಯಾರೂ ಓದಿರಲಿಲ್ಲ.

ಮೀಟರಿಗೆ ಬದಲಿಸಲು ಯುಟಿಎಂ ಅನ್ನೋ ಪದ್ಧತಿ ಇದೆ, ಭೂಮಿಯನ್ನು ರೇಖಾಂಶದ ಆರಾರು ಡಿಗ್ರಿಯ ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವುದು. ಅದರ ವಲಯ 43 ಹಾಕಿ ಅಂದೆ. ಬೆಂಗಳೂರಿಗೆ ಯಾವಾಗಲೂ ಅದನ್ನೇ ಹಾಕೋದು. ಅದೇ ಹುಡುಗಿ ನಕ್ಷೆ ನೋಡಿ, "ಸರ್, ಕೋಲಾರ 78 ಡಿಗ್ರಿ ದಾಟಿದೆ, 44 ಅಲ್ವಾ?" ಅಂದಳು. ಹೌದು! 43 ಮುಗಿದು 44 ಶುರುವಾಗುವುದು 78 ಡಿಗ್ರಿಗೇ. ಮಾಲೂರು ಈ ಕಡೆ, ಕೋಲಾರ ಆ ಕಡೆ. ಗಡಿಗೆ ಇಷ್ಟು ಹತ್ತಿರವಿದ್ದರೆ ಲೆಕ್ಕದಲ್ಲಿ ಜಾಸ್ತಿ ವ್ಯತ್ಯಾಸ ಬರುವುದಿಲ್ಲ, ನಿಜ. ಆದರೆ ಹತ್ತು ನಿಮಿಷದ ಹಿಂದೆ ತಪ್ಪು ಮಾಡಿದವಳೇ ಈಗ ನನ್ನನ್ನು ತಿದ್ದಿದ್ದಳು. ಎಂಟು ವಾರದ ಪಾಠದಿಂದ ಇದು ಬರುತ್ತಿರಲಿಲ್ಲ ಅಂತ ನನಗೆ ಖಾತ್ರಿಯಾಯಿತು.

ಅವತ್ತು ರಾತ್ರಿಯೇ ಕರಡನ್ನು ತಲೆಕೆಳಗು ಮಾಡಿದೆ. ಮೊದಲ ವಾರವೇ ಲ್ಯಾಬ್. ಎರಡನೇ ವಾರ 2011ರ ಜನಗಣತಿ ಪಟ್ಟಿಯನ್ನು ನಕ್ಷೆಗೆ ಜೋಡಿಸುವುದು. ಹೊಸಹಳ್ಳಿ ಅನ್ನೋ ಊರು ಎಷ್ಟಿವೆಯೋ! ಹೆಸರು ನಂಬಿದರೆ ಕೆಟ್ಟಿರಿ, ಹಳ್ಳಿಯ ಕೋಡ್ ಹಿಡಿದೇ ಜೋಡಿಸಬೇಕು. ಕೊನೆಗೆ ಪರೀಕ್ಷೆಯ ಬದಲು, ಮಾಡಿದ ನಕ್ಷೆಯನ್ನು ಆ ಊರಿನವರಿಗೇ ತೋರಿಸಿ ಬರುವುದು.

ಮೊದಲ ಬ್ಯಾಚಿನ ಜೊತೆ ನಾನೂ ಹೋದೆ. ಅಂಗನವಾಡಿ ಟೀಚರ್ ನೆಲದ ಮೇಲೆ ನಕ್ಷೆ ಹರಡಿ, ಮೊದಲು ತಮ್ಮ ಮನೆ ಹುಡುಕಿದರು. ಆಮೇಲೆ ನಮ್ಮ ವೃತ್ತದ ಒಳಗಿದ್ದ ನಾಲ್ಕು ಮನೆಗಳ ಮೇಲೆ ಬೆರಳಿಟ್ಟರು.

"ಮಳೆ ಬಂದ್ರೆ ಈ ಮಕ್ಳು ಬರಲ್ಲ ಸಾರ್. ಮಧ್ಯದಲ್ಲಿ ಹಳ್ಳ ಐತೆ. ಸುತ್ತಿ ಬರ್ಬೇಕು."

ನಮ್ಮ ನಕ್ಷೆಯಲ್ಲಿ ಹಳ್ಳವೇ ಇರಲಿಲ್ಲ. ಹುಡುಗರು ಪೆನ್ಸಿಲ್ ತೆಗೆದು ಅವರ ಪಕ್ಕ ಕೂತರು.