ಬೀಲಿಟ್ಸ್‌ನ ಕಿಟಕಿಗಳು

ಬರ್ಲಿನ್‌ಗೆ ಬಂದ ಮೊದಲ ವರ್ಷ ನನಗೆ ಹಿಡಿದ ಹುಚ್ಚು ಇದು. ರಾತ್ರಿ ಊಟ ಆದ ಮೇಲೆ ಕೂತು ಯುರೋಪಿನ ಪಾಳುಬಿದ್ದ ಬಂಗಲೆಗಳ ಫೋಟೋ ನೋಡೋದು. ಸುತ್ತಿಕೊಂಡು ಮೇಲೇರುವ ಮೆಟ್ಟಿಲು, ಗಾರೆ ಉದುರಿದ ಕಮಾನು, ಕಿಟಕಿಯಿಂದ ಒಳಗೆ ನುಗ್ಗಿದ ಬಳ್ಳಿ. ಹೆಚ್ಚಿನ ಫೋಟೋಗಳ ಕೆಳಗೆ ಊರಿನ ಹೆಸರೇ ಇರುವುದಿಲ್ಲ. ತೆಗೆದವರು ಬೇಕೆಂದೇ ಮುಚ್ಚಿಡುತ್ತಾರೆ. ವಿಳಾಸ ಗೊತ್ತಾಯಿತು ಅಂದರೆ ತಾಮ್ರದ ತಂತಿ, ಹಿತ್ತಾಳೆ ನಲ್ಲಿ ಕೀಳುವವರು ಬರುತ್ತಾರೆ, ಗೋಡೆಗೆ ಬಣ್ಣ ಬಳಿಯುವವರು ಬರುತ್ತಾರೆ, ಆಮೇಲೆ ಅಲ್ಲಿ ಏನೂ ಉಳಿಯುವುದಿಲ್ಲ. ಆ ಗುಟ್ಟನ್ನು ನಾನು ಗೌರವಿಸುತ್ತೇನೆ.

ಬೀಲಿಟ್ಸ್ ಅನ್ನುವ ಪಾಳು ಜಾಗಕ್ಕೆ ಮಾತ್ರ ಗುಟ್ಟು ಇಲ್ಲ. ಅದಕ್ಕೆ ಅದರದ್ದೇ ರೈಲ್ವೆ ಸ್ಟೇಷನ್ ಇದೆ! ಬರ್ಲಿನ್‌ನಿಂದ ನೈಋತ್ಯಕ್ಕೆ ಸುಮಾರು 50 ಕಿ.ಮೀ. ಬೀಲಿಟ್ಸ್-ಹೈಲ್‌ಸ್ಟೆಟ್ಟೆನ್ ಅಂತ ಬೋರ್ಡು. ಇಳಿದರೆ ಪೈನ್ ಕಾಡು, ಕಾಡಿನ ಮಧ್ಯೆ ಇಟ್ಟಿಗೆಯ ದೊಡ್ಡ ದೊಡ್ಡ ಕಟ್ಟಡಗಳು, ಒಟ್ಟು 60ರಷ್ಟು. ನನ್ನ ಜೊತೆ ಬಂದಿದ್ದ ಗೆಳೆಯ ಮೊದಲ ಕಟ್ಟಡ ಕಂಡ ಕೂಡಲೇ ನಿಂತುಬಿಟ್ಟ. "ಯಾವ ರಾಜಂದೋ ಇದು?" ಅಂದ.

ನನಗೂ ಹಾಗೇ ಅನಿಸಿತ್ತು. ಆದರೆ ಇದು ಆಸ್ಪತ್ರೆ, ಕಟ್ಟಿದ್ದು ಬರ್ಲಿನ್‌ನ ಕಾರ್ಖಾನೆ ಕೆಲಸಗಾರರಿಗೆ. ಟಿಬಿ ಬಂದ ಕೂಲಿಗಳಿಗೆ, ಹೊಲಿಗೆ ಹೆಂಗಸರಿಗೆ, ಮನೆಗೆಲಸದ ಹುಡುಗಿಯರಿಗೆ.

ಇದು ತಿಳಿದ ಮೇಲೆ ನಾನು ಆ ಜಾಗವನ್ನು ನೋಡುವ ರೀತಿಯೇ ಬದಲಾಯಿತು, ಅದಕ್ಕೇ ಈ ಬರಹ. ಆ ಕಾಲದ ಬರ್ಲಿನ್‌ನಲ್ಲಿ ಕೆಲಸಗಾರರು ಇದ್ದದ್ದು ವಠಾರಗಳಲ್ಲಿ. ಬೀದಿಗೆ ಒಂದು ಕಟ್ಟಡ, ಅದರ ಹಿಂದೆ ಅಂಗಳ, ಅದರ ಹಿಂದೆ ಇನ್ನೊಂದು ಕಟ್ಟಡ, ಮತ್ತೆ ಅಂಗಳ. ಹಿಂದಿನ ಮನೆಗಳಿಗೆ ಬಿಸಿಲೇ ಇಳಿಯುತ್ತಿರಲಿಲ್ಲ. ರಾಬರ್ಟ್ ಕಾಖ್ ಟಿಬಿಯ ರೋಗಾಣು ಕಂಡುಹಿಡಿದೆ ಎಂದು ಹೇಳಿದ್ದು ಇದೇ ಊರಿನಲ್ಲಿ, 1882ರಲ್ಲಿ. ಕಾರಣ ಗೊತ್ತಾಯಿತು, ಔಷಧಿ ಮಾತ್ರ ಇಲ್ಲ. ಸ್ಟ್ರೆಪ್ಟೊಮೈಸಿನ್ ಬರುವುದಕ್ಕೆ ಇನ್ನೂ 60 ವರ್ಷ ಕಾಯಬೇಕಿತ್ತು. ಅಲ್ಲಿವರೆಗೆ ಇದ್ದದ್ದು ಮೂರೇ: ಗಾಳಿ, ಬಿಸಿಲು, ಹೊಟ್ಟೆ ತುಂಬಾ ಊಟ.

1889ರ ಕಾನೂನಿನಿಂದ ಜರ್ಮನಿಯಲ್ಲಿ ಕೆಲಸಗಾರರಿಗೆ ಪಿಂಚಣಿ ವಿಮೆ ಬಂತು. ಕೂಲಿಯಿಂದ ಸ್ವಲ್ಪ ಹಿಡಿಯುತ್ತಿದ್ದರು, ಮಾಲೀಕ ಅಷ್ಟೇ ಸೇರಿಸುತ್ತಿದ್ದ. ಹರೆಯದಲ್ಲೇ ಟಿಬಿಯಿಂದ ಕೈಲಾಗದೆ ಕೂತವರಿಗೆ ವರ್ಷಾನುಗಟ್ಟಲೆ ಪಿಂಚಣಿ ಕೊಡುವ ಬದಲು ಅವರನ್ನು ಗುಣಪಡಿಸಿ ವಾಪಸ್ ಕೆಲಸಕ್ಕೆ ಕಳಿಸೋಣ ಅಂತ ಬರ್ಲಿನ್‌ನ ವಿಮಾ ಸಂಸ್ಥೆ ಲೆಕ್ಕ ಹಾಕಿತು. ಲೆಕ್ಕಾಚಾರ ಇತ್ತು, ಹೌದು. ಆದರೆ ಆ ಲೆಕ್ಕಾಚಾರದಿಂದ ಹುಟ್ಟಿದ್ದು ಎಂಥ ಜಾಗ ನೋಡಿ! 1898ರಲ್ಲಿ ಕೆಲಸ ಶುರು, 1902ರಲ್ಲಿ ಮೊದಲ ರೋಗಿಗಳು. ವಾಸ್ತುಶಿಲ್ಪಿ ಹೈನೊ ಶ್ಮೀಡೆನ್. ರೈಲು ಹಳಿಯ ಉತ್ತರಕ್ಕೆ ಟಿಬಿಯವರು, ದಕ್ಷಿಣಕ್ಕೆ ಅಂಟದ ಕಾಯಿಲೆಯವರು. ರಸ್ತೆಯ ಪಶ್ಚಿಮಕ್ಕೆ ಹೆಂಗಸರು, ಪೂರ್ವಕ್ಕೆ ಗಂಡಸರು. ಬೇಕರಿ, ಅಂಚೆ ಕಚೇರಿ, ಬಟ್ಟೆ ಒಗೆಯುವ ಮನೆ, ವಿದ್ಯುತ್ತನ್ನೂ ಬಿಸಿಯನ್ನೂ ಒಟ್ಟಿಗೆ ತಯಾರಿಸುವ ಸ್ಥಾವರ, ಎಲ್ಲ ಅಲ್ಲೇ.

ಆ ದೊಡ್ಡ ಕಿಟಕಿಗಳು, ಎತ್ತರದ ಚಾವಣಿ, ದಕ್ಷಿಣದ ಬಾಲ್ಕನಿಗಳು ಶೋಕಿಗೆ ಮಾಡಿದ್ದು ಅಂದುಕೊಂಡಿದ್ದೆನಲ್ಲ, ಅವೇ ಔಷಧಿ. ರೋಗಿಗಳು ದಿನಕ್ಕೆ ಗಂಟೆಗಟ್ಟಲೆ ತೆರೆದ ಜಗುಲಿಯಲ್ಲಿ ಕಂಬಳಿ ಹೊದ್ದು ಮಲಗಿರಬೇಕಿತ್ತು, ಚಳಿಗಾಲದಲ್ಲೂ. ಮೈಸೂರಿನವನಾದ ನನಗೆ ಆಗ ನೆನಪಾದದ್ದು ನಮ್ಮೂರಿನ ಟಿಬಿ ಆಸ್ಪತ್ರೆ, ಪಿಕೆಟಿಬಿ. ಅದಕ್ಕೆ ಹೆಸರು ಕೊಟ್ಟ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ತೀರಿಕೊಂಡದ್ದೂ ಇದೇ ಕಾಯಿಲೆಯಿಂದ. ಚಿಕ್ಕವನಿದ್ದಾಗ ಬಸ್ಸು ಆ ಕಡೆ ಹೋದರೆ ಜನ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಮುಂದಿನ ಕತೆ ಜಾಸ್ತಿ ಜನಕ್ಕೆ ಗೊತ್ತು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಆಸ್ಪತ್ರೆ, 1916ರಲ್ಲಿ ತೊಡೆಗೆ ಗಾಯವಾದ ಹಿಟ್ಲರ್ ಇಲ್ಲಿದ್ದ. 1945ರಿಂದ ಸೋವಿಯತ್ ಸೇನೆಯ ಆಸ್ಪತ್ರೆ. ಪೂರ್ವ ಜರ್ಮನಿಯ ನಾಯಕನಾಗಿದ್ದ ಹೋನೆಕರ್ 1991ರ ಮಾರ್ಚ್‌ನಲ್ಲಿ ಮಾಸ್ಕೋಗೆ ಹೋಗುವ ಮೊದಲು ಇದ್ದದ್ದೂ ಇಲ್ಲೇ. ಸೋವಿಯತ್ ಸೇನೆ ಜರ್ಮನಿ ಬಿಟ್ಟುಹೋದ ಮೇಲೆ ಹೆಚ್ಚಿನ ಕಟ್ಟಡಗಳು ಖಾಲಿ ಬಿದ್ದವು. ಬಂದವರೆಲ್ಲ ಹಿಟ್ಲರ್ ಮಲಗಿದ್ದ ರೂಮು ಯಾವುದು ಅಂತ ಕೇಳುತ್ತಾರೆ. ನನಗೆ ಇದು ಬೇಸರದ ವಿಷಯ. ಅವನು ಇದ್ದದ್ದು ಎರಡು ತಿಂಗಳು. ಸಾವಿರಾರು ಕೆಲಸಗಾರರು ಇಲ್ಲಿ ಉಸಿರಾಡಿ ಹೋದರು, ಅವರ ಒಂದು ಹೆಸರೂ ಯಾರ ಬಾಯಲ್ಲೂ ಇಲ್ಲ.

ಈಗ ಫೋಟೋ ವಿಷಯ.

ಹಿಂದೆ ಇಲ್ಲಿ ಬೇಲಿ ಹಾರಿ ಹೋಗುವುದೇ ರೂಢಿ. ಈಗ ಟಿಕೆಟ್ ಇದೆ, ಮಾರ್ಗದರ್ಶಕರ ಜೊತೆ ಒಳಗೆ ಹೋಗಬಹುದು. ದಯವಿಟ್ಟು ಹಾಗೇ ಹೋಗಿ. 30 ವರ್ಷ ಮಳೆ ಕುಡಿದ ಮರದ ನೆಲ ಮೇಲಿಂದ ಗಟ್ಟಿಯಾಗಿ ಕಾಣುತ್ತದೆ, ಕಾಲಿಟ್ಟರೆ ಕೆಳಗಿನ ಅಂತಸ್ತು. ಶಸ್ತ್ರಚಿಕಿತ್ಸೆ ಕಟ್ಟಡದೊಳಗೆ ಹೋದಾಗ ನಾನು ಟ್ರೈಪಾಡ್ ಇಟ್ಟು ಒಂದೇ ಫ್ರೇಮನ್ನು ಐದು ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕನ್ನು ಹೆಚ್ಚು ಕಡಿಮೆ ಮಾಡಿ, ತೆಗೆದೆ. ಕಿಟಕಿಯ ಹೊರಗಿನ ಬೆಳಕಿಗೆ ಹೊಂದಿಸಿದರೆ ಒಳಗೆ ಕತ್ತಲೆ, ಒಳಗಿಗೆ ಹೊಂದಿಸಿದರೆ ಕಿಟಕಿ ಬರೀ ಬಿಳಿ ಚೌಕ, ಅದಕ್ಕೆ. ಆಮೇಲೆ ಮನೆಯಲ್ಲಿ ಐದನ್ನೂ ಸೇರಿಸಿ ನೋಡಿದರೆ ಚಿತ್ರ ಚೆಂದ ಬಂದಿತ್ತು, ಆದರೆ ಎಲ್ಲ ಮೂಲೆಯಲ್ಲೂ ಒಂದೇ ಬೆಳಕು. ಆ ಕಟ್ಟಡವನ್ನು ಕಟ್ಟಿದ್ದೇ ಕಿಟಕಿಗಾಗಿ, ನಾನು ಕಿಟಕಿಯನ್ನೇ ಅಳಿಸಿಬಿಟ್ಟಿದ್ದೆ. ಎರಡನೇ ಸಲ ಹೋದಾಗ ಒಂದೇ ಎಕ್ಸ್‌ಪೋಷರ್ ತೆಗೆದೆ. ಬಿಸಿಲು ಎಲ್ಲಿವರೆಗೆ ಬರುತ್ತದೋ ಅಲ್ಲಿವರೆಗೆ ಕಾಣಲಿ, ಉಳಿದದ್ದು ಕತ್ತಲೆಯಲ್ಲೇ ಇರಲಿ ಅಂತ.

ಇನ್ನೊಂದು ಮಾತು. ಕೆಲವರು ಫೋಟೋಗೋಸ್ಕರ ತುಕ್ಕು ಹಿಡಿದ ಮಂಚ ಎಳೆದು ಕಿಟಕಿ ಕೆಳಗೆ ಇಡುತ್ತಾರೆ, ಮನೆಯಿಂದ ಹಳೇ ಗೊಂಬೆ ತಂದು ಕುರ್ಚಿಯಲ್ಲಿ ಕೂರಿಸುತ್ತಾರೆ. ಹೀಗೆ ಮಾಡಬಾರದು. ಅಲ್ಲಿ ನಿಜವಾಗಿ ಜನ ಕೆಮ್ಮಿದ್ದಾರೆ, ಸತ್ತಿದ್ದಾರೆ, ಗುಣವಾಗಿ ಮನೆಗೆ ಹೋಗಿದ್ದಾರೆ. ಅದಕ್ಕಿಂತ ಹೆಚ್ಚಿನ ನಾಟಕ ಯಾಕೆ ಬೇಕು?

ಬೆಲ್ಜಿಯಂನ ಸೆಲ್ ಊರಿನ ಶಾತೋ ಮಿರಾಂಡಾ ನನಗೆ ಸಿಗಲೇ ಇಲ್ಲ. 1866ರಲ್ಲಿ ಒಂದು ಶ್ರೀಮಂತ ಮನೆತನಕ್ಕಾಗಿ ಕಟ್ಟಲು ತೊಡಗಿದ ಬಂಗಲೆ ಅದು, ಆಮೇಲೆ ರೈಲ್ವೆ ನೌಕರರ ಮಕ್ಕಳ ರಜೆಯ ಮನೆಯಾಯಿತು, 1991ರಿಂದ ಖಾಲಿ. ನಾನು ರಾತ್ರಿ ನೋಡುತ್ತಿದ್ದ ಫೋಟೋಗಳಲ್ಲಿ ಅರ್ಧ ಅದರದ್ದೇ. 2016ರಲ್ಲಿ ಕೆಡವಲು ಶುರು ಮಾಡಿದರು, ಮರುವರ್ಷ ಗೋಪುರವೂ ಹೋಯಿತು. ನಾನು ಜರ್ಮನಿಗೆ ಬಂದದ್ದು ಅದಾದ ಮೇಲೆ. ಹಾಗಾಗಿ ಯಾರಾದರೂ ಪಾಳು ಕಟ್ಟಡಕ್ಕೆ ಟಿಕೆಟ್ ಇಟ್ಟರೆ ಮಜಾ ಹೋಯ್ತು ಅಂದರೆ ನನಗೆ ಸಂಕಟವಾಗುತ್ತದೆ. ಬೀಲಿಟ್ಸ್‌ನಲ್ಲಿ ಕೆಲವು ಕಟ್ಟಡ ಮನೆಗಳಾಗಿವೆ, ಒಂದು ಕಡೆ ಪುನಶ್ಚೇತನ ಆಸ್ಪತ್ರೆ ನಡೆಯುತ್ತಿದೆ. ಬಾಲ್ಕನಿಯಲ್ಲಿ ಯಾರದೋ ಬಟ್ಟೆ ಒಣಗುತ್ತಿತ್ತು. ನೋಡಿ ತುಂಬಾ ಖುಷಿಯಾಯಿತು.

ಪೂರ್ತಿ ಪಾಳಾಗಿಯೇ ಉಳಿದದ್ದು ಆಲ್ಪ್ಸ್ ಮನೆ ಅಂತ ಕರೆಯುವ ಹೆಂಗಸರ ಕಟ್ಟಡ. 1945ರಲ್ಲಿ ಸುಟ್ಟುಹೋಯಿತು, ರಿಪೇರಿಯಾಗಲೇ ಇಲ್ಲ. ಈಗ ಅದರ ಚಾವಣಿ ಮೇಲೆ ಕಾಡು ಬೆಳೆದಿದೆ. 2015ರಲ್ಲಿ ಮರಗಳ ತುದಿಯ ಎತ್ತರದಲ್ಲಿ ಒಂದು ನಡಿಗೆ ಸೇತುವೆ ಮಾಡಿದರು, ಅದು ಈ ಚಾವಣಿ ಕಾಡಿನ ಮೇಲೇ ಹಾದುಹೋಗುತ್ತದೆ. ನಾನು ಹೋದದ್ದು ಎರಡು ಸಲವೂ ಬೇಸಿಗೆಯಲ್ಲಿ, ಎಲೆ ತುಂಬಿಕೊಂಡು ಗೋಡೆ ಅರ್ಧ ಮುಚ್ಚಿತ್ತು. ಫೆಬ್ರವರಿಯಲ್ಲಿ ಮತ್ತೆ ಹೋಗಬೇಕು. ಬರ್ಚ್ ಮರಗಳು ಬೋಳಾಗಿರುತ್ತವೆ, ಸೂರ್ಯ ಮಧ್ಯಾಹ್ನವೂ ತಗ್ಗಿನಲ್ಲೇ ಇರುತ್ತಾನೆ. ಕಂಬಳಿ ಹೊದ್ದು ಮಲಗಿದ್ದ ಆ ಹೆಂಗಸರ ಮುಖದವರೆಗೆ ಚಳಿಗಾಲದ ಬಿಸಿಲು ತಲುಪುತ್ತಿತ್ತಾ ಅಂತ ಒಂದು ಫೋಟೋದಲ್ಲಿ ಹಿಡಿಯಬೇಕು ನನಗೆ.